ಕೊಲೆಗಾರ ಮೊದಲೇ ಗೊತ್ತಾದರೂ ಕೊಲಂಬೊ ಏಕೆ ನೋಡಬೇಕು?

ಅಮೆರಿಕದ ಪತ್ತೇದಾರಿ ಟಿವಿ ಧಾರಾವಾಹಿ 'ಕೊಲಂಬೊ'ದಲ್ಲಿ ಮೊದಲ ದೃಶ್ಯದಲ್ಲೇ ಕೊಲೆಗಾರನನ್ನು ತೋರಿಸಿದರೆ ಮುಂದೆ ಕುತೂಹಲ ಏನು ಉಳಿಯುತ್ತದೆ ಎಂದು ಕೇಳಿದ್ದೀರಿ. ಪೊಲೀಸ್ ಪತ್ತೇದಾರ ಕೊಲಂಬೊ ಅವನನ್ನು ಹೇಗೆ ಹಿಡಿಯುತ್ತಾನೆ ಎಂಬುದೇ ಅಲ್ಲಿನ ಕುತೂಹಲ. ಸುಕ್ಕಾದ ಮಳೆಕೋಟು (ಅದು ಕೊಲಂಬೊ ಪಾತ್ರ ಮಾಡಿದ ಪೀಟರ್ ಫಾಕ್ ಅವರ ಸ್ವಂತದ್ದು), ಹಳೆಯ ಪಿಜೋ ಕಾರು, ಮಾತುಮಾತಿಗೆ ಹೆಂಡತಿಯ ಪ್ರಸ್ತಾಪ. ಲಾಸ್ ಏಂಜಲೀಸ್‌ನ ಸಿರಿವಂತರು ಅವನನ್ನು ಪೆದ್ದನೆಂದು ಭಾವಿಸಿ ಎಚ್ಚರ ತಪ್ಪಿ ಮಾತನಾಡುತ್ತಾರೆ. ಹೊರಟವನು ಬಾಗಿಲಿನಿಂದ ತಿರುಗಿ 'ಇನ್ನೊಂದೇ ವಿಷಯ' ಎಂದಾಗ ಅವರ ಮುಖ ನೋಡಬೇಕು! ಎಷ್ಟು ಸಲ ನೋಡಿದರೂ ನನಗೆ ಆ ಕ್ಷಣ ಹಳತಾಗಿಲ್ಲ.

ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೆ, 1973ರ 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್' ಕಂತು ನನ್ನ ಆಯ್ಕೆ. ಡೊನಾಲ್ಡ್ ಪ್ಲೆಸೆನ್ಸ್ ಅದರಲ್ಲಿ ವೈನನ್ನೇ ಉಸಿರಾಡುವ ಕೊಲೆಗಾರ. ಅವನನ್ನು ಹಿಡಿಯಲು ಕೊಲಂಬೊ ವೈನಿನ ವಿದ್ಯೆಯನ್ನೇ ಕಲಿಯುತ್ತಾನೆ. ಕೊನೆಯಲ್ಲಿ ಇಬ್ಬರೂ ಕಾರಿನಲ್ಲಿ ಕುಳಿತು ಒಟ್ಟಿಗೆ ವೈನ್ ಕುಡಿಯುತ್ತಾರೆ. ಪೊಲೀಸನಿಗೂ ಅಪರಾಧಿಗೂ ನಡುವೆ ಅಷ್ಟು ಗೌರವವನ್ನು ನಾನು ಬೇರೆ ಧಾರಾವಾಹಿಯಲ್ಲಿ ಕಂಡಿಲ್ಲ. ಅದಾದ ಮೇಲೆ ಸ್ಪೀಲ್‌ಬರ್ಗ್ ನಿರ್ದೇಶಿಸಿದ 1971ರ 'ಮರ್ಡರ್ ಬೈ ದ ಬುಕ್' ನೋಡಿ. 1989ರ ನಂತರದ ಕಂತುಗಳನ್ನು ಕಡೆಗೆ ಇಟ್ಟುಕೊಳ್ಳಿ. ಎಪ್ಪತ್ತರ ದಶಕದವುಗಳ ಬಿಗಿ ಅವುಗಳಲ್ಲಿ ಇಲ್ಲ.