ಕೆಳಹಂತದ ಪೀಠದ ಅಧಿಕಾರವೆಷ್ಟು?

ಮಾನ್ಯರೇ,

ಅಮೆರಿಕದ ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರೇ ಆರಿಸಿ ಸೆನೆಟ್ಟಿನ ಒಪ್ಪಿಗೆ ಪಡೆದು ನೇಮಿಸುವಾಗ ಅವರು ಪಕ್ಷದ ಹಂಗಿನಿಂದ ಪಾರಾಗುವುದು ಹೇಗೆ, ಅದರಲ್ಲೂ ಕೆಳಹಂತದ ವಿಚಾರಣಾ ನ್ಯಾಯಾಧೀಶರಿಂದ ಆಗುವುದಾದರೂ ಏನು ಎಂದು ಕೇಳಿದ್ದೀರಿ. ಪಕ್ಷದ ನಂಟು ಇರುವುದು ನಿಜ. ಆದರೆ ನಿಮ್ಮ ಎರಡನೆಯ ಪ್ರಶ್ನೆಯಲ್ಲಿರುವ ತಾತ್ಸಾರವನ್ನು ಒಪ್ಪಲಾರೆ. ಅಲಬಾಮಾ ರಾಜ್ಯದಲ್ಲಿದ್ದ ಫೆಡರಲ್ ನ್ಯಾಯಾಧೀಶ ಫ್ರಾಂಕ್ ಎಂ. ಜಾನ್ಸನ್ ಅವರ ವೃತ್ತಿಜೀವನವೇ ಅದಕ್ಕೆ ಉತ್ತರ.

1918ರಲ್ಲಿ ಹುಟ್ಟಿದ ಜಾನ್ಸನ್ ವಿನ್‌ಸ್ಟನ್ ಕೌಂಟಿಯವರು. ಅಂತರ್ಯುದ್ಧದ ಕಾಲದಲ್ಲಿ ಒಕ್ಕೂಟವನ್ನು ತೊರೆಯಲು ಒಲ್ಲೆನೆಂದ ಈ ಸೀಮೆಯಲ್ಲಿ, ಡೆಮಾಕ್ರಟರ ದರ್ಬಾರಿನ ನಡುವೆಯೂ ರಿಪಬ್ಲಿಕನ್ ಮನೆತನಗಳು ಉಳಿದುಕೊಂಡಿದ್ದವು. ನಾರ್ಮಂಡಿಯ ಯುದ್ಧದಲ್ಲಿ ಗಾಯಗೊಂಡು ಮರಳಿ ವಕೀಲಿ ಹಿಡಿದ ಅವರು, ಮುಂದೆ ಅಧ್ಯಕ್ಷರಾದ ರಿಪಬ್ಲಿಕನ್ ಅಭ್ಯರ್ಥಿ ಐಸೆನ್‌ಹೋವರ್ ಪರವಾಗಿ ಚುನಾವಣೆಯಲ್ಲಿ ದುಡಿದಿದ್ದರು. 1955ರಲ್ಲಿ ರಾಜ್ಯದ ರಾಜಧಾನಿ ಮಾಂಟ್‌ಗೊಮೆರಿಯ ಫೆಡರಲ್ ಜಿಲ್ಲಾ ನ್ಯಾಯಾಲಯದ ಪೀಠ ದೊರೆತದ್ದರ ಹಿಂದೆ ಆ ನಂಟಿತ್ತು. ಆದರೆ ಹುದ್ದೆ ಆಜೀವ, ಸಂಬಳವನ್ನು ಇಳಿಸುವಂತಿಲ್ಲ. ನೇಮಿಸಿದವರ ಕೈಯಲ್ಲಿ ಆಮೇಲೆ ಲಗಾಮು ಉಳಿಯುವುದಿಲ್ಲ.

ನಮ್ಮಲ್ಲಿ ಶಾಸನವೊಂದನ್ನು ಸಂವಿಧಾನಬಾಹಿರವೆಂದು ರದ್ದುಮಾಡುವುದು ಹೈಕೋರ್ಟು, ಸುಪ್ರೀಂ ಕೋರ್ಟುಗಳ ಕೆಲಸ. ನಿಮ್ಮ ಅನುಮಾನದ ಬೇರು ಬಹುಶಃ ಇಲ್ಲಿದೆ. ಅಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೂ ಆ ಅಧಿಕಾರವುಂಟು. 1956ರ ಜೂನ್‌ನಲ್ಲಿ, ಕಪ್ಪು ಜನಾಂಗದ ನಾಲ್ವರು ಮಹಿಳೆಯರು ಹೂಡಿದ್ದ ದಾವೆಯಲ್ಲಿ, ಬಸ್ಸುಗಳಲ್ಲಿ ಬಣ್ಣ ನೋಡಿ ಕೂರಿಸುವ ಕಾನೂನು ನಿಲ್ಲದೆಂದು ಮೂವರ ಪೀಠದಲ್ಲಿ ಜಾನ್ಸನ್ ಮತ್ತು ರಿಚರ್ಡ್ ರೈವ್ಸ್ ತೀರ್ಪಿತ್ತರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಂಥ ತೀರ್ಪುಗಳಿಗೆ ತೆತ್ತ ಬೆಲೆ ಸಣ್ಣದಲ್ಲ: 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬಿಟ್ಟರು, ಆಕೆ ಪಾರಾದರು.

ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿನಿಂದ ಮಾಂಟ್‌ಗೊಮೆರಿಗೆ ಹೊರಡಬೇಕಿದ್ದ ಮೆರವಣಿಗೆಯ 1965ರ ಪ್ರಕರಣದಲ್ಲಿ ನನಗೆ ಮೆಚ್ಚುಗೆಯಾಗುವುದು ಅವರ ಅನುಮತಿಗಿಂತ ಅದಕ್ಕೆ ಮುಂಚಿನ ತಡೆ. ಸಾಕ್ಷ್ಯ ಕೇಳುವವರೆಗೆ ಮೆರವಣಿಗೆ ಹೊರಡಕೂಡದೆಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕಡೆಯವರನ್ನೇ ಮೊದಲು ತಡೆದರು. ವಿಚಾರಣೆಯ ನಂತರ ಮಾರ್ಚ್ 17ರಂದು, ಕಾನೂನು ಕಾಲೇಜಿನಲ್ಲಿ ತಮ್ಮ ಸಹಪಾಠಿಯಾಗಿದ್ದ ಗವರ್ನರ್ ಜಾರ್ಜ್ ವ್ಯಾಲೇಸ್ ಅವರ ವಿರೋಧವನ್ನು ಬದಿಗೊತ್ತಿ, ಹೆದ್ದಾರಿಯ ಮೇಲೆ ನಡೆಯುವ ಹಕ್ಕನ್ನು ಮಾನ್ಯಮಾಡಿದರು. ಹೆದ್ದಾರಿ ಎರಡೇ ಪಥಕ್ಕೆ ಕಿರಿದಾಗುವ ಕಡೆ ಮಾತ್ರ 300ಕ್ಕಿಂತ ಹೆಚ್ಚು ಜನ ನಡೆಯಬಾರದೆಂಬ ಷರತ್ತು ಹಾಕಿದರು.

ವಿಚಾರಣಾ ನ್ಯಾಯಾಧೀಶರ ನಿಜವಾದ ಕಸುಬು ಕಾಣುವುದು ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯ ಮೊಕದ್ದಮೆಯಲ್ಲಿ. ಸುಮಾರು 5,000 ರೋಗಿಗಳನ್ನು ತುಂಬಿದ್ದ ಅಲ್ಲಿ ಸಿಬ್ಬಂದಿಯನ್ನು ಕಿತ್ತುಹಾಕಿದ್ದೇ ದಾವೆಗೆ ನೆಪ. ಒಪ್ಪಿಗೆಯಿಲ್ಲದೆ ಕೂಡಿಹಾಕಿದವರಿಗೆ ಚಿಕಿತ್ಸೆ ಪಡೆಯುವ ಸಾಂವಿಧಾನಿಕ ಹಕ್ಕಿದೆಯೆಂದು ಅವರು 1971ರಲ್ಲಿ ಸಾರಿದರು. ಮರುವರ್ಷದ ಆದೇಶವಂತೂ ಲೋಕೋಪಯೋಗಿ ಇಲಾಖೆಯ ಟಿಪ್ಪಣಿಯಂತಿದೆ: ಎಂಟು ರೋಗಿಗಳಿಗೊಂದು ಶೌಚಾಲಯ, ಹದಿನೈದು ಮಂದಿಗೊಂದು ಸ್ನಾನದ ಷವರ್, ಒಂದು ಕೋಣೆಯಲ್ಲಿ ಆರಕ್ಕಿಂತ ಹೆಚ್ಚು ಜನರಿರಬಾರದು. ಆಡಳಿತವನ್ನೇ ನ್ಯಾಯಾಲಯ ಕಸಿದುಕೊಂಡಿತೆಂಬ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಸರಿಪಡಿಸಿಕೊಳ್ಳಲು ರಾಜ್ಯಕ್ಕೆ ಆರು ತಿಂಗಳು ಕೊಟ್ಟು, ಅದು ಸೋತ ಮೇಲೆಯೇ ಅವರು ಈ ಮಟ್ಟಕ್ಕೆ ಇಳಿದದ್ದು.

ಜಾನ್ಸನ್ 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಹೋದರು, 1999ರಲ್ಲಿ ತೀರಿಕೊಂಡರು. ಬ್ರೈಸ್ ಮೊಕದ್ದಮೆ ಮಾತ್ರ ಅದೇ ಕೆಳಹಂತದ ನ್ಯಾಯಾಲಯದ ಉಸ್ತುವಾರಿಯಲ್ಲಿ 2003ರವರೆಗೂ ನಡೆಯಿತು.

— ಸಂ.