ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳಲ್ಲಿ) ಏನೇನು ಬಿಟ್ಟರೆ ಹಳೇ ಭಕ್ತಿ ವಾಪಸ್ ಬರುತ್ತದೆ? ಮನಸ್ಸು ತುಂಬಾ ದಣಿದಿದೆ.

ದಣಿದಿದ್ದೀನಿ ಅಂತೀರಿ, ಮತ್ತೆ ಇನ್ನೇನು ಬಿಡಲಿ ಅಂತಲೂ ಕೇಳ್ತೀರಿ! ನಾನೂ ಹೀಗೇ ಶುರು ಮಾಡಿದ್ದೆ.

ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸ. ಪ್ರಾರ್ಥನೆ ಬರೀ ಬಾಯಿಪಾಠ ಆಗಿತ್ತು. ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಚರ್ಚಿನಿಂದ ಬಂದವನೇ ಪಟ್ಟಿ ಬರೆದೆ. ಮಾಂಸ ಇಲ್ಲ, ಟೀ ಇಲ್ಲ, ಒಂದೇ ಊಟ. ಪಾಳಿ ಮುಗಿಸಿ ನೇರ ಬೆಳಗಿನ ಪೂಜೆ, ದಿನಾ ಜಪಸರ, ಶುಕ್ರವಾರ ಶಿಲುಬೆ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದದ್ದನ್ನು 14 ಸ್ಥಳಗಳಲ್ಲಿ ನೆನೆಯುವ ಪ್ರಾರ್ಥನೆ. ಇಷ್ಟಾದರೂ ಹೇಗೋ ನಡೆಯುತ್ತಿತ್ತು. ಎಡವಿದ್ದು ಭಾನುವಾರದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿ ನೋಡಿ, 46 ದಿನ ಬರುತ್ತದೆ. ಆರು ಭಾನುವಾರ ಕಳೆದರೆ ತಪಸ್ಸುಕಾಲದ 40 ದಿನ. ಭಾನುವಾರ ಯೇಸು ಪುನರುತ್ಥಾನರಾದ ದಿನ, ಆವತ್ತು ಉಪವಾಸ ಇಲ್ಲ. ತಪಸ್ಸುಕಾಲದಲ್ಲೂ ಇಲ್ಲ. ನಮ್ಮ ಕಥೋಲಿಕರಿಗೆ ಕಡ್ಡಾಯ ಉಪವಾಸ ಇರುವುದೇ ಎರಡು ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ನಾನು ಯಾರನ್ನೂ ಕೇಳದೆ ಭಾನುವಾರವೂ ಹೊಟ್ಟೆ ಕಟ್ಟಿದೆ. ಒಂದು ದಿನ ಬಿಟ್ಟರೂ ಸೋತೆ ಅಂತ ನನ್ನ ಲೆಕ್ಕ. ಉಸಿರಾಡಲು ಕೊಟ್ಟ ದಿನವನ್ನೇ ತೆಗೆದುಹಾಕಿದ್ದೆ.

ನಾಲ್ಕನೇ ಭಾನುವಾರ ಫಾದರ್ ನೇರಳೆ ಬಿಟ್ಟು ಗುಲಾಬಿ ಬಣ್ಣದ ವಸ್ತ್ರದಲ್ಲಿ ಬಂದರು. ಅರ್ಧ ದಾರಿ ಬಂದಾಯ್ತು, ಸಂತೋಷಪಡಿ ಅನ್ನುವ ಭಾನುವಾರ ಅದು. ನಾನು ತಲೆ ಹಿಡಿದುಕೊಂಡು ಪ್ರಸಂಗ ಯಾವಾಗ ಮುಗಿಯುತ್ತದೋ ಅಂತ ಕೂತಿದ್ದೆ. ಮನೆಗೆ ಬಂದರೆ ಅಮ್ಮ ಕೋಳಿ ಸಾರು ಮಾಡಿದ್ದರು. ತಟ್ಟೆ ತಳ್ಳಿ ಉಪದೇಶ ಬೇರೆ ಮಾಡಿದೆ. "ನಿನ್ನ ತಪಸ್ಸು ನೀನು ಮಾಡಪ್ಪಾ, ನಮ್ಮ ಮೇಲೆ ಯಾಕೆ ಸಿಟ್ಟು?" ಅಂದರು. ಆಮೇಲೆ ಒಂದೊಂದೇ ಕೈಬಿಟ್ಟಿತು. ಈಸ್ಟರ್ ಹಿಂದಿನ ಗರಿಗಳ ಭಾನುವಾರಕ್ಕೂ ಹೋಗಲಿಲ್ಲ, ಈಸ್ಟರ್ ರಾತ್ರಿಯ ಪೂಜೆಗೂ ಹೋಗಲಿಲ್ಲ.

ಹಾಗಾಗಿ "ಏನು ಬಿಡಲಿ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ರವಾದಿ ಎಲೀಯನ ಕಥೆ ಓದಿ, ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ. ಸಾಕಪ್ಪಾ ದೇವರೇ, ಪ್ರಾಣ ತಗೋ ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಕೊಟ್ಟಿದ್ದು ರೊಟ್ಟಿ ಮತ್ತು ನೀರು. ತಿಂದ, ಮತ್ತೆ ಮಲಗಿದ. ದೂತ ಬೈಯಲಿಲ್ಲ, ಇನ್ನೊಮ್ಮೆ ಎಬ್ಬಿಸಿ ತಿನ್ನಲು ಹೇಳಿದ. ಹೋರೇಬ್ ಬೆಟ್ಟಕ್ಕೆ ನಲವತ್ತು ದಿನದ ನಡಿಗೆ ಅದಾದ ಮೇಲೆ!

ಈಗ ನಾನು ಮಾಡುವುದು ಇಷ್ಟೇ. ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿ. ಶುಕ್ರವಾರ ಶಿಲುಬೆ ಹಾದಿ, 14 ಸ್ಥಳಕ್ಕೂ ಮಂಡಿಯೂರಲು ಆಗದಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತೇನೆ. ಭಾನುವಾರ ಅಮ್ಮ ಏನು ಬಡಿಸಿದರೂ ಊಟ. ಭಕ್ತಿ ಬಂತಾ? ಕೆಲವು ವಾರ ಬರುತ್ತದೆ, ಕೆಲವು ವಾರ ಇಲ್ಲ.

ಪಾಪನಿವೇದನೆಯನ್ನು (ಫಾದರ್ ಬಳಿ ಪಾಪ ಹೇಳಿಕೊಳ್ಳುವುದನ್ನು) ಮಾತ್ರ ಈಸ್ಟರ್ ಹಿಂದಿನ ಪವಿತ್ರ ವಾರದವರೆಗೆ ಮುಂದೂಡಬೇಡಿ. ಆಗ ಸಾಲು ಜಾಸ್ತಿ, ಮಾತಾಡಲು ಸಮಯ ಸಿಗುವುದಿಲ್ಲ. ಈ ವಾರವೇ ಹೋಗಿ. ದಣಿವಿನ ವಿಷಯವನ್ನೂ ಅಲ್ಲೇ ಹೇಳಿ.