ನಗಿಸಲು ಏನೂ ಮಾಡದಂತೆ ಕಾಣುವ ಬ್ರಿಟಿಷ್ ನಟ ಅಲೆಕ್ ಗಿನ್ನೆಸ್ ಅವರ ಹಾಸ್ಯಚಿತ್ರಗಳಲ್ಲಿ ಅಷ್ಟು ನಗು ಬರುವುದೇಕೆ?

ಅವರು ವಹಿಸಿದ ಪಾತ್ರಗಳಿಗೆ ತಾವು ಹಾಸ್ಯಚಿತ್ರದಲ್ಲಿದ್ದೇವೆ ಎಂಬುದೇ ಗೊತ್ತಿಲ್ಲ. ಸನ್ನಿವೇಶ ವಿಪರೀತದ್ದು, ಅದರೊಳಗಿನ ಮನುಷ್ಯ ಮಾತ್ರ ಪೂರಾ ಗಂಭೀರ. ಆ ಅಂತರದಲ್ಲೇ ನಗು ಹುಟ್ಟುತ್ತದೆ.

1951ರ ‘ದಿ ಲ್ಯಾವೆಂಡರ್ ಹಿಲ್ ಮಾಬ್’ ನೋಡಿ. ಲಂಡನ್ನಿನ ಬ್ಯಾಂಕಿನಲ್ಲಿ ಚಿನ್ನದ ಗಟ್ಟಿಗಳ ಸಾಗಣೆಯ ಮೇಲ್ವಿಚಾರಣೆ ನಡೆಸುವ ಗುಮಾಸ್ತನದು ಅವರ ಪಾತ್ರ. ವರ್ಷಗಟ್ಟಲೆ ನಂಬಿಕಸ್ಥನಾಗಿದ್ದವನು ಒಂದು ದಿನ ಅದೇ ಚಿನ್ನವನ್ನು ಕದ್ದು, ಐಫೆಲ್ ಗೋಪುರದ ಪುಟ್ಟ ಪ್ರತಿಕೃತಿಗಳಾಗಿ ಎರಕ ಹೊಯ್ಯಿಸಿ ಪ್ಯಾರಿಸ್ಸಿಗೆ ಸಾಗಿಸುತ್ತಾನೆ. ಕಳ್ಳತನವನ್ನೂ ಅವನು ಲೆಕ್ಕದ ಪುಸ್ತಕ ಬರೆಯುವಷ್ಟೇ ಅಚ್ಚುಕಟ್ಟಾಗಿ ಮಾಡುತ್ತಾನೆ. ಸಭ್ಯತೆಯ ಮುಖ ಒಂದಿಷ್ಟೂ ಕದಲುವುದಿಲ್ಲ, ಕಣ್ಣಲ್ಲಿ ಮಾತ್ರ ಮಗುವಿನ ಸಂಭ್ರಮ. ಈ ಅಭಿನಯಕ್ಕೆ ಆಸ್ಕರ್ ನಾಮನಿರ್ದೇಶನ ದೊರೆತದ್ದು ಸರಿಯಾಗಿಯೇ ಇದೆ.

1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ನಲ್ಲಿ ಅವರು ಒಂದೇ ಶ್ರೀಮಂತ ಮನೆತನದ ಎಂಟು ಮಂದಿಯಾಗುತ್ತಾರೆ, ಅವರಲ್ಲಿ ಒಬ್ಬ ಮಹಿಳೆಯೂ ಉಂಟು. ಪದವಿಯ ಆಸೆಗೆ ಬಿದ್ದ ದೂರದ ಸಂಬಂಧಿಯೊಬ್ಬ ಈ ಮನೆತನದವರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾ ಹೋಗುತ್ತಾನೆ. ಇಲ್ಲಿ ವೇಷಕ್ಕಿಂತ ದೊಡ್ಡದು ಸಂಯಮ. ಮುದಿ ಪಾದ್ರಿಯ ತಡವರಿಕೆ, ನೌಕಾಧಿಪತಿಯ ಸೆಟೆದ ಬೆನ್ನು, ಇಷ್ಟರಿಂದಲೇ ಒಬ್ಬೊಬ್ಬನೂ ಬೇರೆಯಾಗಿ ನಿಲ್ಲುತ್ತಾನೆ. ‘ದಿ ಲೇಡಿಕಿಲ್ಲರ್ಸ್’ನಲ್ಲಿ (1955) ಕೃತಕ ಹಲ್ಲು ಕಟ್ಟಿಕೊಂಡು ಭಯವನ್ನೂ ಬೆರೆಸಿದ್ದಾರೆ, ಆದರೆ ದರೋಡೆಕೋರ ಪ್ರೊಫೆಸರ್ ಮನೆಯೊಡತಿ ಅಜ್ಜಿಯ ಮುಂದೆ ಮರ್ಯಾದೆ ತಪ್ಪುವುದಿಲ್ಲ. ಮೊದಲು ನೋಡುವವರಿಗೆ ‘ಲ್ಯಾವೆಂಡರ್ ಹಿಲ್’ ಒಳ್ಳೆಯ ಆರಂಭ.